ಹಳೆ ಕಾಲದ ಬೇಸ್‌ಬಾಲ್ ಆಟಗಾರರ ಸಹಿ ಸಂಗ್ರಹ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಬೇಸ್‌ಬಾಲ್ ಹುಚ್ಚು ಹಿಡಿಸಿಕೊಂಡವರು ಈಗ ಸಾಕಷ್ಟು ಜನ ಇದ್ದಾರೆ. ಮಕ್ಕಳ ಜೊತೆ ಕಾರ್ಡ್ ಸಂಗ್ರಹ ಶುರು ಮಾಡಿ, ನಿಧಾನವಾಗಿ ಹಳೆಯ ಸಹಿಗಳ ಕಡೆ ತಿರುಗಿದವರೂ ಇದ್ದಾರೆ. ಅವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೆಸರು ನೋಡಿ ಕೊಳ್ಳಬೇಡಿ, ಆ ಹೆಸರು ಯಾವ ಕಾಗದದ ಮೇಲೆ ಇದೆ, ಆ ಕಾಗದ ಎಲ್ಲಿಂದ ಬಂತು ಅಂತ ನೋಡಿ ಕೊಳ್ಳಿ. ಮುಂದಿನ ಉತ್ತರಗಳೆಲ್ಲ ಸುತ್ತಿ ಬಳಸಿ ಇಲ್ಲಿಗೇ ಬರುತ್ತವೆ.

ಹಳೆ ಕಾಲ ಅಂದರೆ ಯಾವ ಕಾಲ?

1869ರಲ್ಲಿ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್ ತಂಡ ತನ್ನ ಎಲ್ಲ ಆಟಗಾರರಿಗೂ ರಾಜಾರೋಷವಾಗಿ ಸಂಬಳ ಕೊಟ್ಟು ಆಡಿಸಿತು. ವೃತ್ತಿಪರ ಬೇಸ್‌ಬಾಲ್ ಲೆಕ್ಕ ಅಲ್ಲಿಂದ ಶುರು. 1871ರಲ್ಲಿ ನ್ಯಾಷನಲ್ ಅಸೋಸಿಯೇಷನ್, 1876ರಲ್ಲಿ ನ್ಯಾಷನಲ್ ಲೀಗ್, 1901ರಲ್ಲಿ ಅಮೆರಿಕನ್ ಲೀಗ್ ಬಂದವು. ಇಲ್ಲಿ ನಾನು ಹೇಳುವುದು 1869ರಿಂದ ಸುಮಾರು 1920ರ ತನಕ ಆಡಿದವರ ಬಗ್ಗೆ.

ಬೇಬ್ ರೂತ್ ಸಹಿ ಎಲ್ಲಕ್ಕಿಂತ ಅಪರೂಪ ಅಲ್ವಾ?

ಅಲ್ಲ. ದುಬಾರಿ ಹೌದು, ಅಪರೂಪ ಅಲ್ಲ. ರೂತ್ ಕೇಳಿದವರಿಗೆಲ್ಲ ಸಹಿ ಮಾಡಿಕೊಟ್ಟ ಮನುಷ್ಯ. ಚೆಂಡು, ಕಾಗದ, ಫೋಟೋ, ಚೆಕ್, ಎಲ್ಲದರ ಮೇಲೂ ಸಹಿ ಇದೆ. ಕೊಳ್ಳುವವರು ಜಾಸ್ತಿ ಇರುವುದರಿಂದ ಬೆಲೆ ಏರುತ್ತದೆ, ಅಷ್ಟೇ.

ಹಾಗಾದರೆ ಅಪರೂಪ ಆಗುವುದು ಯಾವುದರಿಂದ?

ಮುಖ್ಯವಾಗಿ ಆ ಆಟಗಾರ ಯಾವಾಗ ತೀರಿಕೊಂಡ ಅನ್ನುವುದರಿಂದ. ಎಷ್ಟು ಚೆನ್ನಾಗಿ ಆಡಿದ ಅನ್ನುವುದು ಆಮೇಲಿನ ಮಾತು.

ಎಲ್ಮರ್ ಫ್ಲಿಕ್, ಆಡಿ ಜಾಸ್ ಇಬ್ಬರನ್ನೂ ತಗೊಳ್ಳಿ. 1902ರಿಂದ 1910ರವರೆಗೆ ಇಬ್ಬರೂ ಕ್ಲೀವ್‌ಲ್ಯಾಂಡ್ ತಂಡದಲ್ಲಿದ್ದರು. ಇಬ್ಬರೂ ಈಗ ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ, ಅಂದರೆ ಬೇಸ್‌ಬಾಲ್‌ನ ದೊಡ್ಡ ದೊಡ್ಡವರಿಗೆ ಗೌರವ ಕೊಡುವ ಮ್ಯೂಸಿಯಂನ ಪಟ್ಟಿಯಲ್ಲಿ. ಜಾಸ್ 1908ರ ಅಕ್ಟೋಬರ್ 2ರಂದು ಎದುರಾಳಿಯ ಒಬ್ಬನನ್ನೂ ಬೇಸ್ ಮುಟ್ಟಲು ಬಿಡದೆ ಇಡೀ ಪಂದ್ಯ ಎಸೆದ ಪಿಚರ್. 1911ರ ಏಪ್ರಿಲ್‌ನಲ್ಲಿ ಕ್ಷಯದಿಂದ ಬಂದ ಮೆದುಳು ಪೊರೆಯ ಕಾಯಿಲೆಗೆ ಬಲಿಯಾದ. ಮೂವತ್ತೊಂದು ತುಂಬಿ ಎರಡೇ ದಿನ ಆಗಿತ್ತು. ಫ್ಲಿಕ್ 1971ರವರೆಗೆ ಬದುಕಿದ್ದ, ತೊಂಬತ್ನಾಲ್ಕು ವರ್ಷ. 1963ರಲ್ಲಿ ಹಾಲ್ ಆಫ್ ಫೇಮ್‌ಗೆ ಆಯ್ಕೆ ಆದ ಮೇಲೆ ದೇಶದ ಮೂಲೆ ಮೂಲೆಯಿಂದ ಅಭಿಮಾನಿಗಳು ಅಂಚೆಯಲ್ಲಿ ಕಾರ್ಡ್ ಕಳಿಸಿದರು, ಅಜ್ಜ ಸಹಿ ಹಾಕಿ ವಾಪಸ್ ಕಳಿಸಿದ. ಅದಕ್ಕೇ ಫ್ಲಿಕ್ ಸಹಿಯನ್ನು ಸಾಮಾನ್ಯ ಸಂಬಳದವರೂ ಕೊಳ್ಳಬಹುದು. ಜಾಸ್ ಸಹಿ ಬಂದರೆ ದೊಡ್ಡ ಹರಾಜು ಮನೆಗಳಲ್ಲೂ ಸುದ್ದಿ. ತಂಡ ಒಂದೇ, ಕಾಲ ಒಂದೇ. ಒಬ್ಬನಿಗೆ ಅರವತ್ತು ವರ್ಷ ಹೆಚ್ಚು ಆಯುಷ್ಯ ಸಿಕ್ಕಿತು.

ಇದೇ ಪಟ್ಟಿಗೆ ಎಡ್ ಡೆಲಹಾಂಟಿ ಸೇರುತ್ತಾನೆ. 1903ರಲ್ಲಿ, ಇನ್ನೂ ಆಡುತ್ತಿದ್ದಾಗಲೇ, ನಯಾಗರಾ ಜಲಪಾತದ ಬಳಿ ನದಿಗೆ ಬಿದ್ದು ಸತ್ತ. 1884ರಲ್ಲಿ ಪ್ರಾವಿಡೆನ್ಸ್ ತಂಡವನ್ನು ಒಬ್ಬನೇ ಹೊತ್ತು ನಡೆಸಿದ ಪಿಚರ್ ಓಲ್ಡ್ ಹಾಸ್ ರ‍್ಯಾಡ್‌ಬರ್ನ್ 1897ರಲ್ಲಿ ಹೋದ. ಮುನ್ನೂರು ಗೆಲುವು ಕಂಡ ಮೊದಲ ಪಿಚರ್ ಪಡ್ ಗ್ಯಾಲ್ವಿನ್ 1902ರಲ್ಲಿ, ರೂಬ್ ವಾಡೆಲ್ 1914ರಲ್ಲಿ, ಜೇಕ್ ಬೆಕ್ಲಿ 1918ರಲ್ಲಿ ತೀರಿಕೊಂಡರು.

ಹಾಲ್ ಆಫ್ ಫೇಮ್ ಬಗ್ಗೆ ಯಾಕೆ ಇಷ್ಟು ಮಾತು?

ಹೆಚ್ಚಿನ ಸಂಗ್ರಾಹಕರ ಗುರಿ ಅದೇ. ಹಾಲ್ ಆಫ್ ಫೇಮ್‌ನಲ್ಲಿರುವ ಪ್ರತಿಯೊಬ್ಬರದ್ದೂ ಒಂದೊಂದು ಸಹಿ ಬೇಕು ಅಂತ ಹೊರಡುತ್ತಾರೆ. ಮೊದಲ ಐವರು 1936ರಲ್ಲಿ ಆಯ್ಕೆಯಾದರು: ಟೈ ಕಾಬ್, ಬೇಬ್ ರೂತ್, ಹೋನಸ್ ವ್ಯಾಗ್ನರ್, ಕ್ರಿಸ್ಟಿ ಮ್ಯಾಥ್ಯೂಸನ್, ವಾಲ್ಟರ್ ಜಾನ್ಸನ್. ಮ್ಯಾಥ್ಯೂಸನ್ ಆಗಲೇ ತೀರಿಕೊಂಡು ಹತ್ತು ವರ್ಷ ಆಗಿತ್ತು.

ತೊಂದರೆ ಇರುವುದು ತಡವಾಗಿ ಆಯ್ಕೆಯಾದವರ ವಿಷಯದಲ್ಲಿ. ರೂತ್ 1921ರಲ್ಲಿ ದಾಟುವ ತನಕ ಇಡೀ ಆಟದ ಜೀವನದಲ್ಲಿ ಅತಿ ಹೆಚ್ಚು ಹೋಮ್ ರನ್ ಹೊಡೆದ ದಾಖಲೆ ರೋಜರ್ ಕಾನರ್ ಹೆಸರಲ್ಲಿತ್ತು. ಅವನು ಸತ್ತದ್ದು 1931ರಲ್ಲಿ, ಹಾಲ್ ಆಫ್ ಫೇಮ್‌ಗೆ ಬಂದದ್ದು 1976ರಲ್ಲಿ. ಬೆಕ್ಲಿ 1971, ಸ್ಯಾಮ್ ಥಾಮ್ಸನ್ 1974, ಜಾಸ್ 1978. ಇವರು ಮುಂದೊಂದು ದಿನ ದೊಡ್ಡವರಾಗುತ್ತಾರೆ ಅಂತ ಯಾರಿಗೂ ಗೊತ್ತಿರಲಿಲ್ಲ. ಅವರು ಬರೆದ ಕಾಗದಗಳನ್ನು ಮನೆಯವರೇ ಒಲೆಗೆ ಹಾಕಿರಬಹುದು. ಆಯ್ಕೆ ಪ್ರಕಟವಾದ ದಿನ ಎಲ್ಲರೂ ಹುಡುಕಲು ಶುರು ಮಾಡಿದರು, ಸಿಕ್ಕಿದ್ದು ಬೆರಳೆಣಿಕೆಯಷ್ಟು.

ಆಗ ಜನ ಆಟಗಾರರ ಹತ್ತಿರ ಸಹಿ ಕೇಳುತ್ತಲೇ ಇರಲಿಲ್ವಾ?

ಈಗಿನಷ್ಟು ಇಲ್ಲ. ಆಗ ಸಹಿ ಸಂಗ್ರಹ ಅಂದರೆ ರಾಷ್ಟ್ರಪತಿಗಳು, ಸೇನಾಧಿಕಾರಿಗಳು, ಕವಿಗಳದ್ದು. ಬೇಸ್‌ಬಾಲ್ ಆಡುವವರನ್ನು ಒಳ್ಳೆಯ ಹೋಟೆಲ್‌ಗಳು ಒಳಗೆ ಬಿಟ್ಟುಕೊಳ್ಳಲೂ ಹಿಂಜರಿಯುತ್ತಿದ್ದ ಕಾಲ. ಮೈಕ್ ಕೆಲ್ಲಿ ಬಂದ ಮೇಲೆ ಇದು ಬದಲಾಯಿತು ಅಂತ ಹೇಳುತ್ತಾರೆ. 1887ರಲ್ಲಿ ಶಿಕಾಗೊ ತಂಡ ಅವನನ್ನು ಬಾಸ್ಟನ್‌ಗೆ 10,000 ಡಾಲರ್‌ಗೆ ಮಾರಿತು, ಆ ಕಾಲಕ್ಕೆ ಬೆಚ್ಚಿಬೀಳಿಸುವ ಮೊತ್ತ. ಬೀದಿಯಲ್ಲಿ ಹುಡುಗರು ಹಿಂದೆ ಬಿದ್ದು ಸಹಿ ಕೇಳುತ್ತಿದ್ದ ಮೊದಲ ಆಟಗಾರ ಅವನೇ ಎಂಬ ಮಾತಿದೆ. ಹಾಗಿದ್ದೂ ಕೆಲ್ಲಿ ಸಹಿ ಇವತ್ತು ಸಿಗುವುದು ಬಹಳ ಕಷ್ಟ. 1894ರಲ್ಲೇ ನ್ಯುಮೋನಿಯಾದಿಂದ ತೀರಿಕೊಂಡ.

ಹತ್ತೊಂಬತ್ತನೇ ಶತಮಾನದವರಲ್ಲಿ ಯಾರ ಸಹಿಯೂ ಸಿಗುವುದಿಲ್ವಾ?

ಸಿಗುತ್ತದೆ. ಆಟದ ಜೊತೆ ಕಾಗದ ಪತ್ರದ ಕೆಲಸ ಇದ್ದವರ ಸಹಿ ಉಳಿದಿದೆ. ಹ್ಯಾರಿ ರೈಟ್ ಮ್ಯಾನೇಜರ್ ಆಗಿದ್ದ, ದಿನಾ ಪತ್ರ ಬರೆಯುತ್ತಿದ್ದ. ಅವನ ತಮ್ಮ ಜಾರ್ಜ್ ರೈಟ್ ಕ್ರೀಡಾ ಸಾಮಾನಿನ ಕಂಪನಿ ನಡೆಸಿದ, 1937ರವರೆಗೂ ಇದ್ದ. ಜಿಮ್ ಓ'ರೂರ್ಕ್ ಯೇಲ್‌ನಲ್ಲಿ, ಜಾನ್ ಮಾಂಟ್ಗೊಮರಿ ವಾರ್ಡ್ ಕೊಲಂಬಿಯಾದಲ್ಲಿ ಕಾನೂನು ಓದಿ ವಕೀಲರಾದರು. ವಕೀಲರು ಅಂದ ಮೇಲೆ ಸಹಿ ಇಲ್ಲದೆ ಕೆಲಸ ನಡೆಯುತ್ತಾ?

ನ್ಯಾಷನಲ್ ಲೀಗ್‌ನ ಮೊದಲ ಅಧ್ಯಕ್ಷ ಮೋರ್ಗನ್ ಬಲ್ಕ್‌ಲಿ ಆಮೇಲೆ ಕನೆಕ್ಟಿಕಟ್‌ನ ಗವರ್ನರ್, ಸೆನೆಟರ್, ವಿಮಾ ಕಂಪನಿಯ ಅಧ್ಯಕ್ಷ ಎಲ್ಲ ಆದ. ಅವನ ಸಹಿ ಇರುವ ಸರ್ಕಾರಿ ಪತ್ರಗಳು ಸಾಕಷ್ಟು ಇವೆ. ಬೇಸ್‌ಬಾಲ್‌ನ ಆರಂಭದ ನಿಯಮಗಳ ಜೊತೆ ಹೆಸರು ಕೇಳಿಬರುವ ಅಲೆಕ್ಸಾಂಡರ್ ಕಾರ್ಟ್‌ರೈಟ್ ನ್ಯೂಯಾರ್ಕ್ ಬಿಟ್ಟು ಹೊನಲುಲು ಸೇರಿ, ಅಲ್ಲಿ ವ್ಯಾಪಾರ ಮಾಡುತ್ತ, ಅಗ್ನಿಶಾಮಕ ದಳದ ಮುಖ್ಯಸ್ಥನಾಗಿದ್ದ. ಅವನ ವ್ಯವಹಾರದ ಪತ್ರಗಳೂ ಆಗಾಗ ಬರುತ್ತವೆ. ಇವರಿಬ್ಬರೂ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ, ಆದರೆ ಆಟಗಾರರಾಗಿ ಅಲ್ಲ.

ಶೂಲೆಸ್ ಜೋ ಜಾಕ್ಸನ್ ಸಹಿ ಯಾಕೆ ಅಷ್ಟು ಬೆಲೆ?

ಅವನಿಗೆ ಓದು ಬರಹ ಬರುತ್ತಿರಲಿಲ್ಲ. ದಕ್ಷಿಣ ಕ್ಯಾರೊಲಿನಾದ ಬಟ್ಟೆ ಗಿರಣಿಯಲ್ಲಿ ಚಿಕ್ಕ ಹುಡುಗನಾಗಿದ್ದಾಗಲೇ ದುಡಿಯಲು ಹೋದವನು, ಶಾಲೆಗೆ ಹೋಗಲಿಲ್ಲ. ಪತ್ರ, ಚೆಕ್, ಅಭಿಮಾನಿಗಳಿಗೆ ಕಳಿಸುವ ಫೋಟೋ ಎಲ್ಲಕ್ಕೂ ಸಾಮಾನ್ಯವಾಗಿ ಹೆಂಡತಿ ಕೇಟಿಯೇ ಅವನ ಹೆಸರು ಬರೆಯುತ್ತಿದ್ದಳು. ತಪ್ಪಿಸಿಕೊಳ್ಳಲಾಗದ ಕಾನೂನು ಪತ್ರಗಳಿಗೆ, ತೀರಾ ಅಪರೂಪಕ್ಕೆ ಬೇರೆ ಕಡೆ ಮಾತ್ರ ಅವನು ತಾನೇ ಸಹಿ ಮಾಡುತ್ತಿದ್ದ. ಒಂದೊಂದು ಅಕ್ಷರವನ್ನೂ ನೋಡಿ ನೋಡಿ ಚಿತ್ರ ಬಿಡಿಸಿದ ಹಾಗೆ ಇರುತ್ತದೆ ಆ ಸಹಿ. ಗೆರೆ ನಡುಗುತ್ತದೆ, ಅಕ್ಷರಗಳ ನಡುವೆ ಪೆನ್ನು ನಿಂತು ನಿಂತು ಹೋದದ್ದು ಕಾಣುತ್ತದೆ.

ಇಲ್ಲೊಂದು ಇಕ್ಕಟ್ಟು ಇದೆ. ಬೇರೆಯವರ ಸಹಿಯಲ್ಲಿ ನಡುಕ ಕಂಡರೆ ನಕಲಿ ಅಂತ ಅನುಮಾನ ಪಡುತ್ತೇವೆ. ಜಾಕ್ಸನ್ ಸಹಿ ಸರಾಗವಾಗಿ ಹರಿದಿದ್ದರೆ ಅನುಮಾನ ಪಡಬೇಕು! ಅದು ಬಹುಶಃ ಕೇಟಿ ಬರೆದದ್ದು.

1911ರಲ್ಲಿ ಲೂಯಿಸಿಯಾನಾದ ಅಲೆಕ್ಸಾಂಡ್ರಿಯಾದಲ್ಲಿ ಕ್ಲೀವ್‌ಲ್ಯಾಂಡ್ ತಂಡ ಅಭ್ಯಾಸ ಮಾಡುತ್ತಿದ್ದಾಗ ಫ್ರ್ಯಾಂಕ್ ಸ್ಮಿತ್ ತೆಗೆದ ಫೋಟೋ ಒಂದಕ್ಕೆ ಜಾಕ್ಸನ್ ತನ್ನ ಕೈಯಾರೆ ಸಹಿ ಮಾಡಿದ್ದ. ಅದು 2021ರ ಅಕ್ಟೋಬರ್‌ನಲ್ಲಿ ಹರಾಜಾಗಿ 14.7 ಲಕ್ಷ ಡಾಲರ್ ತಂದಿತು.

ಅವನ ಉಯಿಲಿನ ಕಥೆಯೂ ಕೇಳಬೇಕಾದದ್ದೇ. ಜಾಕ್ಸನ್ 1951ರಲ್ಲಿ, ಕೇಟಿ 1959ರಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ, ಕೇಟಿ ತನ್ನ ಆಸ್ತಿಯನ್ನು ಕ್ಯಾನ್ಸರ್ ಮತ್ತು ಹೃದಯ ಕಾಯಿಲೆಗಳ ಎರಡು ದತ್ತಿ ಸಂಸ್ಥೆಗಳಿಗೆ ಬರೆದಿದ್ದಳು. ಜಾಕ್ಸನ್ ಸಹಿಗೆ ಬೆಲೆ ಬಂದ ಮೇಲೆ, 1990ರ ದಶಕದಲ್ಲಿ, ಆ ಸಂಸ್ಥೆಗಳು ಗ್ರೀನ್‌ವಿಲ್ ಕೌಂಟಿಯ ಕಡತದಲ್ಲಿದ್ದ ಅವನ ಉಯಿಲು ತಮಗೆ ಸೇರಬೇಕು ಅಂತ ಕೋರ್ಟಿಗೆ ಹೋದವು. ಮಾರಿ ಬಂದ ಹಣವನ್ನು ಒಳ್ಳೆಯ ಕೆಲಸಕ್ಕೇ ಹಾಕುತ್ತಿದ್ದರು. ಆದರೂ ರಾಜ್ಯದ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಉಯಿಲು ಸಾರ್ವಜನಿಕ ದಾಖಲೆ, ಕೌಂಟಿಯಲ್ಲೇ ಇರಬೇಕು ಅಂದಿತು. ಆ ತೀರ್ಪು ಸರಿ ಅಂತಲೇ ನನ್ನ ಅಭಿಪ್ರಾಯ.

ಬೇರೆ ಆಟಗಾರರ ಹೆಂಡತಿಯರೂ ಸಹಿ ಮಾಡಿದ್ದಾರಾ?

ಮಾಡಿದ್ದಾರೆ. ಮ್ಯಾಥ್ಯೂಸನ್ ಕ್ಷಯ ಹಿಡಿದು ಸಾರಾನಾಕ್ ಲೇಕ್‌ನಲ್ಲಿ ಮಲಗಿದ್ದಾಗ ಹೆಂಡತಿ ಜೇನ್ ಅವನ ಪರವಾಗಿ ಬರೆದುಕೊಟ್ಟದ್ದುಂಟು. ಇದರಲ್ಲಿ ಮೋಸ ಏನಿಲ್ಲ. ಅಭಿಮಾನಿಗೆ ಬೇಸರ ಆಗಬಾರದು ಅಂತ ಮಾಡಿದ್ದು. ಅದನ್ನೇ ಇವತ್ತು ಅಸಲಿ ಅಂತ ಮಾರುವುದು ಮೋಸ.

ಚೆಂಡಿನ ಮೇಲಿನ ಸಹಿ ಅಸಲಿಯೋ ಅಂತ ತಿಳಿಯಲು ಎಲ್ಲಿ ನೋಡಬೇಕು?

ಮೊದಲು ಚೆಂಡನ್ನು ನೋಡಿ, ಸಹಿಯನ್ನು ಆಮೇಲೆ ನೋಡಿ. ಹಳೆಯ ಅಧಿಕೃತ ಚೆಂಡುಗಳ ಮೇಲೆ ಲೀಗ್ ಅಧ್ಯಕ್ಷರ ಹೆಸರು ಅಚ್ಚಾಗಿರುತ್ತದೆ. ಅಮೆರಿಕನ್ ಲೀಗ್‌ನಲ್ಲಿ ಬ್ಯಾನ್ ಜಾನ್ಸನ್ 1927ರವರೆಗೆ, ಅರ್ನೆಸ್ಟ್ ಬರ್ನಾರ್ಡ್ 1931ರವರೆಗೆ, ವಿಲ್ ಹ್ಯಾರಿಡ್ಜ್ 1959ರವರೆಗೆ. ನ್ಯಾಷನಲ್ ಲೀಗ್‌ನಲ್ಲಿ ಜಾನ್ ಹೈಡ್ಲರ್ 1934ರವರೆಗೆ, ಆಮೇಲೆ ಫೋರ್ಡ್ ಫ್ರಿಕ್ 1951ರವರೆಗೆ. ಹ್ಯಾರಿಡ್ಜ್ ಹೆಸರಿರುವ ಚೆಂಡಿನ ಮೇಲೆ ಮ್ಯಾಥ್ಯೂಸನ್ ಸಹಿ ಇದ್ದರೆ ಭೂತಗನ್ನಡಿಯೂ ಬೇಡ. ಅವನು ಸತ್ತದ್ದು 1925ರಲ್ಲಿ.

ಹೊಲಿಗೆಯ ಬಣ್ಣವೂ ಸುಳಿವು ಕೊಡುತ್ತದೆ. 1930ರ ದಶಕದ ಮಧ್ಯದವರೆಗೆ ಅಮೆರಿಕನ್ ಲೀಗ್ ಚೆಂಡಿಗೆ ಕೆಂಪು ನೀಲಿ ದಾರ, ನ್ಯಾಷನಲ್ ಲೀಗ್ ಚೆಂಡಿಗೆ ಕೆಂಪು ಕಪ್ಪು ದಾರ. ಆಮೇಲೆ ಎರಡಕ್ಕೂ ಬರೀ ಕೆಂಪು. ಹಳೆಯ ಚೆಂಡುಗಳು ಕೆಲವು ಜೇನಿನ ಬಣ್ಣಕ್ಕೆ ತಿರುಗಿ ಹೊಳೆಯುತ್ತವೆ. ಸಹಿ ಉಳಿಯಲಿ ಅಂತ ಆಗಿನ ಜನ ಅರಗಿನ ವಾರ್ನಿಷ್ ಹಚ್ಚಿಟ್ಟದ್ದು ಅದು. ಬೆಲೆ ಸ್ವಲ್ಪ ತಗ್ಗುತ್ತದೆ, ಆದರೆ ಅದೇನೂ ನಕಲಿಯ ಗುರುತಲ್ಲ.

ಕಾಗದದ ಮೇಲಿನ ಸಹಿಯಾದರೆ?

ಬಾಲ್ ಪೆನ್ ಅಮೆರಿಕದ ಅಂಗಡಿಗೆ ಬಂದದ್ದು 1945ರ ಅಕ್ಟೋಬರ್‌ನಲ್ಲಿ. ಅದಕ್ಕಿಂತ ಮುಂಚೆ ಸತ್ತವರ ಸಹಿ ಬಾಲ್ ಪೆನ್ನಿನಲ್ಲಿ ಇರಲು ಸಾಧ್ಯವೇ ಇಲ್ಲ. ಈ ಒಂದು ಮಾತು ಗೊತ್ತಿದ್ದರೆ ಕೆಟ್ಟ ನಕಲಿಗಳಲ್ಲಿ ಎಷ್ಟೋ ಅಲ್ಲೇ ಉದುರುತ್ತವೆ. ಕತ್ತಲ ಕೋಣೆಯಲ್ಲಿ ಅಲ್ಟ್ರಾವಯಲೆಟ್ ಟಾರ್ಚ್ ಹಾಕಿ ನೋಡಿ. ಕಾಗದ ನೀಲಿ ಬಿಳಿಯಾಗಿ ಹೊಳೆದರೆ ಅದರಲ್ಲಿ ಹೊಳಪು ಕೊಡುವ ರಾಸಾಯನಿಕ ಇದೆ ಅಂತ ಅರ್ಥ, ಅಂದರೆ ಎರಡನೇ ಮಹಾಯುದ್ಧದ ನಂತರದ ಕಾಗದ.

ಜಾಣ ನಕಲಿಗಾರರು ಹಳೆಯ ಕಾಗದವನ್ನೇ ಬಳಸುತ್ತಾರೆ. ಹಳೆ ಪುಸ್ತಕಗಳ ಮೊದಲಲ್ಲಿ, ಕೊನೆಯಲ್ಲಿ ಇರುವ ಖಾಲಿ ಹಾಳೆ ಕಿತ್ತು ಅದರ ಮೇಲೆ ಬರೆಯುತ್ತಾರೆ. ಅದನ್ನು ಹಿಡಿಯಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಬೇಕು. ಕಾಗದ ಹೊಸದಾಗಿದ್ದಾಗ ಶಾಯಿ ಹೀರದಂತೆ ಅದಕ್ಕೆ ಅಂಟಿನ ಲೇಪ ಇರುತ್ತದೆ. ನೂರು ವರ್ಷದಲ್ಲಿ ಆ ಲೇಪ ಸಾಯುತ್ತದೆ. ಇವತ್ತು ಅದರ ಮೇಲೆ ಬರೆದರೆ ಶಾಯಿ ನಾರಿನ ಉದ್ದಕ್ಕೂ ಹರಿದು, ಗೆರೆಯ ಅಂಚಿನಲ್ಲಿ ಸಣ್ಣ ಸಣ್ಣ ಕೂದಲು ಎದ್ದಂತೆ ಕಾಣುತ್ತದೆ. ಆ ಕಾಲದಲ್ಲೇ ಬರೆದ ಗೆರೆಯ ಅಂಚು ಸಾಮಾನ್ಯವಾಗಿ ಚೂಪಾಗಿರುತ್ತದೆ. ಇನ್ನೊಂದು, ಮಡಿಕೆ. ಪತ್ರ ಮಡಿಚಿದ ಮೇಲೆ ಬರೆದಿದ್ದರೆ ಶಾಯಿ ಮಡಿಕೆಯ ಒಡೆದ ನಾರಿನೊಳಗೆ ಇಳಿದಿರುತ್ತದೆ. ಮೊದಲು ಬರೆದು ಆಮೇಲೆ ಮಡಿಚಿದ್ದರೆ ಶಾಯಿಯೇ ಅಲ್ಲಿ ಒಡೆದಿರುತ್ತದೆ. ಪೆನ್ನು ಕಾಗದ ಮುಟ್ಟಿದ ಜಾಗ, ಬಿಟ್ಟ ಜಾಗ ಎರಡನ್ನೂ ನೋಡಿ. ಅಸಲಿ ಸಹಿ ವಿಮಾನ ಇಳಿದು ಏರಿದಂತೆ ತೆಳುವಾಗಿ ಶುರುವಾಗಿ ತೆಳುವಾಗಿ ಮುಗಿಯುತ್ತದೆ. ನಕಲಿನಲ್ಲಿ ಎರಡೂ ಕಡೆ ಶಾಯಿಯ ಚುಕ್ಕೆ ಕೂತಿರುತ್ತದೆ.

ಹೋಲಿಸಿ ನೋಡಲು ಅಸಲಿ ಸಹಿ ಎಲ್ಲಿ ಸಿಗುತ್ತದೆ?

ನನಗೆ ಅತ್ಯಂತ ಇಷ್ಟವಾದ ಮೂಲ ಅಂದರೆ ಸೈನ್ಯದ ನೋಂದಣಿ ಕಾರ್ಡುಗಳು. ಮೊದಲ ಮಹಾಯುದ್ಧದಲ್ಲಿ, 1917 ಮತ್ತು 1918ರಲ್ಲಿ, ಕೊನೆಗೆ 18ರಿಂದ 45 ವರ್ಷದ ಗಂಡಸರೆಲ್ಲ ನೋಂದಣಿ ಮಾಡಿಸಬೇಕಾಯಿತು. ಆಟಗಾರರೂ ಸಾಲಲ್ಲಿ ನಿಂತು ಸಹಿ ಹಾಕಿದರು. 1942ರ ಏಪ್ರಿಲ್‌ನಲ್ಲಿ ವಯಸ್ಸಾದವರ ನೋಂದಣಿಯೂ ನಡೆಯಿತು. ಈ ಕಾರ್ಡುಗಳ ಚಿತ್ರಗಳನ್ನು ವಂಶಾವಳಿ ಹುಡುಕುವ ವೆಬ್‌ಸೈಟ್‌ಗಳಲ್ಲಿ ಮನೆಯಲ್ಲೇ ಕೂತು ನೋಡಬಹುದು. ಅಧಿಕಾರಿಯ ಎದುರು ಹಾಕಿದ ಸಹಿ, ತಾರೀಖೂ ಇದೆ. ಇದಕ್ಕಿಂತ ಒಳ್ಳೆಯ ಮಾದರಿ ಬೇಕಾ?

ಒಬ್ಬನೇ ಮನುಷ್ಯನ ಸಹಿ ಮೂವತ್ತು ವರ್ಷದಲ್ಲಿ ತುಂಬಾ ಬದಲಾಗುತ್ತದೆ ಅನ್ನುವುದು ನೆನಪಿರಲಿ. 1910ರ ಸಹಿಯನ್ನು 1910ರ ಆಸುಪಾಸಿನ ಸಹಿಯ ಜೊತೆಗೇ ಹೋಲಿಸಿ.

ಸರ್ಟಿಫಿಕೇಟ್ ಇದ್ದರೆ ಸಾಕಾ?

ಮಾರುವವನೇ ಮುದ್ರಿಸಿ ಕೊಟ್ಟ ಸರ್ಟಿಫಿಕೇಟ್‌ಗೆ ಕಾಗದದ ಬೆಲೆಯೂ ಇಲ್ಲ. ಪಿಎಸ್‌ಎ, ಜೆಎಸ್‌ಎ, ಬೆಕೆಟ್ ಮುಂತಾದ ಪರೀಕ್ಷಾ ಕಂಪನಿಗಳ ಪತ್ರ ಇದ್ದರೆ ಮುಂದೆ ಮಾರಲು ಸುಲಭ, ಕೆಳಗಿನ ಮಟ್ಟದ ನಕಲಿಗಳು ಸೋಸಿಹೋಗುತ್ತವೆ. ಆದರೆ ಅದು ಒಂದು ಅಭಿಪ್ರಾಯ, ಅಷ್ಟೇ. ಜಾಸ್, ರ‍್ಯಾಡ್‌ಬರ್ನ್ ಥರದವರ ವಿಷಯದಲ್ಲಿ ಹೋಲಿಸಲು ಖಚಿತವಾದ ಮಾದರಿಗಳೇ ಕಡಿಮೆ. ಅಂಥ ಕಡೆ ಆ ಕಾಗದ ಯಾರ ಮನೆಯಿಂದ, ಯಾರ ಕೈ ದಾಟಿ ಬಂತು ಅನ್ನುವ ಲಿಖಿತ ಚರಿತ್ರೆಯೇ ದೊಡ್ಡ ಪುರಾವೆ. ಸುಮ್ನೆ ಒಂದು ಹೆಸರು ಕತ್ತರಿಸಿದ ಚೂರಿಗಿಂತ ಇಡೀ ಪತ್ರ ಎಷ್ಟೋ ಮೇಲು.

ನಕಲಿಗಳು ನಿಜವಾಗಲೂ ಅಷ್ಟೊಂದು ಇವೆಯಾ?

ಇವೆ. 1990ರ ದಶಕದ ಕೊನೆಯಲ್ಲಿ ಎಫ್‌ಬಿಐ 'ಆಪರೇಷನ್ ಬುಲ್‌ಪೆನ್' ಅಂತ ಕಾರ್ಯಾಚರಣೆ ಮಾಡಿ ಕ್ಯಾಲಿಫೋರ್ನಿಯಾದ ದೊಡ್ಡ ಜಾಲವನ್ನು ಹಿಡಿಯಿತು. ಸಿಕ್ಕ ಮಾಲಿನಲ್ಲಿ ಮದರ್ ತೆರೇಸಾ ಸಹಿ ಇದ್ದ ಬೇಸ್‌ಬಾಲ್ ಚೆಂಡುಗಳೂ ಇದ್ದವು! ದೊಡ್ಡ ಸಂಸ್ಥೆಗಳೂ ಇದಕ್ಕೆ ಹೊರತಲ್ಲ. ಟೈ ಕಾಬ್ ಬರೆದದ್ದು ಎಂಬ 1946ರ ಡೈರಿ ಹಾಲ್ ಆಫ್ ಫೇಮ್‌ನ ಸಂಗ್ರಹದಲ್ಲೇ ಇತ್ತು. ಎಫ್‌ಬಿಐ ಪರೀಕ್ಷಿಸಿದಾಗ ಅದೂ ನಕಲಿ ಅಂತ ಗೊತ್ತಾಯಿತು.

ಅಸಲಿಯೇ, ಆದರೆ ಕದ್ದದ್ದು ಅಂತ ಇರುತ್ತದಾ?

ಈ ಪ್ರಶ್ನೆ ಜಾಸ್ತಿ ಜನ ಕೇಳಬೇಕು. ಪಿಚರ್ ಆಗಿದ್ದು ಆಮೇಲೆ ಕ್ರೀಡಾ ಸಾಮಾನಿನ ಕಂಪನಿ ಕಟ್ಟಿದ ಎ.ಜಿ. ಸ್ಪಾಲ್ಡಿಂಗ್ ಕೂಡಿಸಿಟ್ಟಿದ್ದ ದೊಡ್ಡ ಬೇಸ್‌ಬಾಲ್ ಸಂಗ್ರಹವನ್ನು ಅವನ ಹೆಂಡತಿ 1921ರಲ್ಲಿ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಗೆ ಕೊಟ್ಟಳು. ಹ್ಯಾರಿ ರೈಟ್‌ನ ಪತ್ರಗಳು ಅದರಲ್ಲಿದ್ದವು. ಎಷ್ಟೋ ವರ್ಷಗಳ ಅವಧಿಯಲ್ಲಿ ಅಲ್ಲಿಂದ ಪತ್ರಗಳು, ಫೋಟೋಗಳು ಮಾಯವಾದವು. 2009ರಲ್ಲಿ ಹ್ಯಾರಿ ರೈಟ್‌ಗೆ ಬಂದಿದ್ದ ಪತ್ರಗಳು ಹರಾಜಿನ ಪಟ್ಟಿಯಲ್ಲಿ ಕಾಣಿಸಿದಾಗ ಗಲಾಟೆ ಎದ್ದು, ಅವನ್ನು ಹಿಂದಕ್ಕೆ ತಗೊಂಡು, ಎಫ್‌ಬಿಐ ತನಿಖೆ ಮಾಡಿತು. ಕೋರ್ಟಿನ ಕಡತಗಳಿಂದ ಆಟಗಾರರ ಉಯಿಲು ಎಗರಿಸಿದ ಪ್ರಕರಣಗಳೂ ಇವೆ.

ಕೊಳ್ಳುವ ಮುಂಚೆ ಹಿಂಬದಿ ನೋಡಿ. ಲೈಬ್ರರಿ ಮುದ್ರೆಯನ್ನು ಉಜ್ಜಿ ಅಳಿಸಿದ ಕಲೆ, ಕಡತಕ್ಕೆ ಹೊಲಿದ ತೂತು, ಸರ್ಕಾರಿ ನಂಬರ್ ಇದ್ದರೆ ಕೈ ಹಾಕಬೇಡಿ. ಹಣ ಹೋಗುವುದು ಒಂದು ಕಡೆ ಇರಲಿ, ಎಲ್ಲರಿಗೂ ಸೇರಿದ ಕಾಗದ ಅದು. ಇನ್ನೊಬ್ಬ ಓದುಗನಿಗೆ, ಸಂಶೋಧಕನಿಗೆ ಅದು ಸಿಗದ ಹಾಗೆ ಮಾಡಿ ನಮ್ಮ ಮನೆಯ ಗೋಡೆಗೆ ಏರಿಸುವುದರಲ್ಲಿ ಯಾವ ಸಂತೋಷ?

ಕಪ್ಪು ಆಟಗಾರರ ಸಹಿಗಳು?

ಇನ್ನೂ ಕಷ್ಟ. 1920ರಲ್ಲಿ ಕಾನ್ಸಸ್ ಸಿಟಿಯಲ್ಲಿ ನೀಗ್ರೋ ನ್ಯಾಷನಲ್ ಲೀಗ್ ಕಟ್ಟಿದ ರೂಬ್ ಫಾಸ್ಟರ್ 1930ರಲ್ಲಿ ತೀರಿಕೊಂಡ, ಹಾಲ್ ಆಫ್ ಫೇಮ್‌ಗೆ ಬಂದದ್ದು 1981ರಲ್ಲಿ. 1880ರ ದಶಕದಲ್ಲಿ ಆಡಿದ ಫ್ರ್ಯಾಂಕ್ ಗ್ರಾಂಟ್ ಬಂದದ್ದು 2006ರಲ್ಲಿ, ಅವನು ಸತ್ತು ಅರವತ್ತೊಂಬತ್ತು ವರ್ಷದ ಮೇಲೆ. ಬಿಳಿಯರ ಪತ್ರಿಕೆ, ಬಿಳಿಯರ ಸಂಗ್ರಾಹಕರು ಇವರ ಕಡೆ ತಿರುಗಿ ನೋಡಲಿಲ್ಲ. ಅದಕ್ಕೇ ಕಾಗದ ಉಳಿಯಲಿಲ್ಲ. ಇವರ ಕಡೆಯ ಯಾವ ಚೂರು ಸಿಕ್ಕರೂ ದಯವಿಟ್ಟು ಜೋಪಾನ ಮಾಡಿ, ಚಿತ್ರ ತೆಗೆದು ಮ್ಯೂಸಿಯಂಗೆ ತಿಳಿಸಿ.

ಜಾಸ್ತಿ ಹಣ ಇಲ್ಲ. ಎಲ್ಲಿಂದ ಶುರು ಮಾಡಲಿ?

ದೀರ್ಘಾಯುಷಿಗಳಿಂದ. ಫ್ಲಿಕ್, 1968ರವರೆಗೆ ಇದ್ದ ಸ್ಯಾಮ್ ಕ್ರಾಫರ್ಡ್, ಐವತ್ತು ವರ್ಷ ಒಂದೇ ತಂಡದ ಮ್ಯಾನೇಜರ್ ಆಗಿದ್ದ ಕಾನಿ ಮ್ಯಾಕ್. ಮೋರ್ಗನ್ ಬಲ್ಕ್‌ಲಿ ಸಹಿಯೂ ಕೈಗೆಟುಕುತ್ತದೆ. ಸೈ ಯಂಗ್, ವ್ಯಾಗ್ನರ್ ಇಬ್ಬರೂ 1955ರವರೆಗೆ ಇದ್ದು ಬೇಕಾದಷ್ಟು ಸಹಿ ಮಾಡಿದ್ದಾರೆ, ಆದರೆ ಅವರಿಗೆ ಬೇಡಿಕೆ ಹೆಚ್ಚು. ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಹರಾಜು ಮನೆಯ ಪಾಲು ಸೇರುತ್ತದೆ, ಸಾಮಾನ್ಯವಾಗಿ ಸುಮಾರು ಐದನೇ ಒಂದು ಭಾಗ. ಅದನ್ನು ಮೊದಲೇ ಲೆಕ್ಕ ಹಾಕಿ ಕೂಗಿ.

ಈ ಹಳೆಯ ಆಟಗಾರರು ನಮ್ಮ ಕಡೆಗೆ ಯಾವಾಗಲಾದರೂ ಬಂದಿದ್ದರಾ?

ಕೊಲಂಬೊವರೆಗೆ ಬಂದಿದ್ದರು. ಸ್ಪಾಲ್ಡಿಂಗ್ 1888ರಲ್ಲಿ ಎರಡು ತಂಡ ಕಟ್ಟಿಕೊಂಡು ಪ್ರಪಂಚ ಸುತ್ತಲು ಹೊರಟ. ಕ್ಯಾಪ್ ಆನ್ಸನ್, ವಾರ್ಡ್, ನೆಡ್ ಹ್ಯಾನ್ಲನ್ ಎಲ್ಲ ಅದರಲ್ಲಿದ್ದರು. ಆಸ್ಟ್ರೇಲಿಯಾ ಮುಗಿಸಿ 1889ರ ಜನವರಿಯಲ್ಲಿ ಕೊಲಂಬೊದಲ್ಲಿ ಆಡಿ, ಭಾರತಕ್ಕೆ ಬರದೆ ಈಜಿಪ್ಟ್ ಕಡೆ ಹೋದರು. ವಾಪಸ್ ಬಂದ ಮೇಲೆ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನ ಡೆಲ್ಮೊನಿಕೊ ರೆಸ್ಟೊರೆಂಟ್‌ನಲ್ಲಿ ಭಾರೀ ಔತಣ ನಡೆಯಿತು, ಮಾರ್ಕ್ ಟ್ವೈನ್ ಭಾಷಣ ಮಾಡಿದ. ಆ ಪ್ರವಾಸದ ಮೆನು, ಪತ್ರ, ಫೋಟೋಗಳು ಸಂಗ್ರಾಹಕರಿಗೆ ಬಲು ಪ್ರೀತಿ.

ಕೊಂಡದ್ದನ್ನು ಹೇಗೆ ಇಡಬೇಕು?

ಬಿಸಿಲು ಬೀಳಬಾರದು. ಹಳೆಯ ಶಾಯಿಗೆ ಬೆಳಕೇ ಶತ್ರು, ಕಿಟಕಿ ಎದುರಿನ ಗೋಡೆಗೆ ಹಾಕಿದರೆ ಕೆಲವೇ ವರ್ಷದಲ್ಲಿ ಸಹಿ ಮಸುಕಾಗುತ್ತದೆ. ಫ್ರೇಮ್ ಹಾಕಿಸುವುದಾದರೆ ಅಲ್ಟ್ರಾವಯಲೆಟ್ ತಡೆಯುವ ಗಾಜು, ಆಮ್ಲ ಇಲ್ಲದ ಹಿಂಬದಿ ರಟ್ಟು ಕೇಳಿ. ಇಲ್ಲದಿದ್ದರೆ ಪಾಲಿಯೆಸ್ಟರ್ ಕವರಿನಲ್ಲಿ ಹಾಕಿ ಪೆಟ್ಟಿಗೆಯಲ್ಲಿಡಿ. ಸಾದಾ ಪಿವಿಸಿ ಕವರ್ ಬೇಡ, ಅದು ಕಾಗದಕ್ಕೆ ಅಂಟಿಕೊಳ್ಳುತ್ತದೆ. ಲ್ಯಾಮಿನೇಷನ್, ಸೆಲ್ಲೋ ಟೇಪ್ ಎರಡೂ ಬೇಡವೇ ಬೇಡ. ಊರಿಗೆ ತಂದು ಮಂಗಳೂರು, ಉಡುಪಿ ಕಡೆ ಇಡುವವರು ಮಳೆಗಾಲದಲ್ಲಿ ಬೂಸ್ಟು ಬರದಂತೆ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಹಾಕಿ, ಆಗಾಗ ಬದಲಿಸಿ.

ಮಸುಕಾದ ಸಹಿಯ ಮೇಲೆ ತಿದ್ದಿಸಬಹುದಾ?

ಬೇಡ. ತಿದ್ದಿದ ಮೇಲೆ ಅದು ಆ ಆಟಗಾರನ ಸಹಿ ಆಗಿ ಉಳಿಯುವುದಿಲ್ಲ. ಹರಿದ ಕಾಗದವನ್ನು ಮಾತ್ರ ಕಾಗದ ಸಂರಕ್ಷಣೆ ಕಲಿತವರ ಹತ್ತಿರ ಸರಿ ಮಾಡಿಸಬಹುದು. ಏನು ಮಾಡಿಸಿದಿರಿ ಅನ್ನುವುದನ್ನು ಬರೆದು ಅದರ ಜೊತೆಗೇ ಇಡಿ, ಮುಂದೆ ಕೊಳ್ಳುವವರಿಗೆ ತೋರಿಸಿ.